ಹಗೇವಿನ ಬಾಯಿ: ಡೇಟಾಬೇಸ್ ಪುನಃಸ್ಥಾಪನೆಯ ವಿಳಂಬ ಮತ್ತು ಅದರ ನಿವಾರಣೆ

ಪೀಠಿಕೆ

ಬಯಲುಸೀಮೆಯ ಹಳ್ಳಿಗಳಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿಡುವ ಪದ್ಧತಿ ಬಹುಕಾಲ ನಡೆದುಬಂದಿತು. ನೆಲದೊಳಗೆ ತೋಡಿದ ವಿಶಾಲವಾದ ಹೊಟ್ಟೆ. ಮೇಲೆ ಒಬ್ಬ ಮನುಷ್ಯ ಇಳಿಯಬಹುದಾದಷ್ಟು ಕಿರಿದಾದ ಬಾಯಿ. ಸುಗ್ಗಿಯಲ್ಲಿ ಕಾಳನ್ನು ಸುರಿಯುವುದು ಸುಲಭದ ಕೆಲಸ. ಬರಗಾಲ ಬಂದಾಗ ಅದನ್ನು ಹೊರತೆಗೆಯುವುದು ಮಾತ್ರ ಬೇರೆಯೇ ಕೆಲಸ. ಬಾಯಿ ತೆರೆದು, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ಒಬ್ಬನು ಕೆಳಗಿಳಿದು ಬುಟ್ಟಿ ತುಂಬಿ ಕೊಡಬೇಕು. ಮೇಲಿದ್ದವರು ಹಗ್ಗದಿಂದ ಎಳೆದುಕೊಳ್ಳಬೇಕು. ಮೇಲೆ ಹತ್ತು ಮಂದಿ ನಿಂತಿದ್ದರೂ ಕೆಳಗೆ ಬುಟ್ಟಿ ತುಂಬುವವನು ಒಬ್ಬನೇ ಆದರೆ ಕೆಲಸದ ವೇಗ ಅವನೊಬ್ಬನ ಕೈಯ ವೇಗವೇ ಆಗಿರುತ್ತದೆ. ಮನೆಯಲ್ಲಿ ಮಕ್ಕಳು ಹಸಿದು ಕುಳಿತಿರುವಾಗ ಹಗೇವಿನಲ್ಲಿ ನೂರು ಚೀಲ ಜೋಳವಿದೆ ಎಂಬ ಮಾತು ಸಮಾಧಾನ ಕೊಡಲಾರದು. ಇಂದು ಸಂಜೆಯೊಳಗೆ ಎಷ್ಟು ಬುಟ್ಟಿ ಮೇಲೆ ಬಂದೀತು ಎಂಬುದೇ ಮುಖ್ಯವಾಗುತ್ತದೆ.

ಇಂದು ಸಮಾಜದ ಸ್ಮರಣೆಯ ಬಹುಭಾಗ ಗಣಕಯಂತ್ರಗಳಲ್ಲಿ ನೆಲೆಸಿದೆ. ಬ್ಯಾಂಕಿನ ಖಾತೆ, ಆಸ್ಪತ್ರೆಯ ರೋಗಿಗಳ ವಿವರ, ಶಾಲೆಯ ದಾಖಲಾತಿ ಮತ್ತು ಅಂಕಪಟ್ಟಿ, 2000ದ ಸುಮಾರಿನಿಂದ ನಮ್ಮ ರಾಜ್ಯದ ರೈತನ ಪಹಣಿ ಇವೆಲ್ಲವೂ ಡೇಟಾಬೇಸ್ ಎಂಬ ವ್ಯವಸ್ಥಿತ ದಾಖಲೆ ಸಂಗ್ರಹಗಳಲ್ಲಿ ಅಡಕವಾಗಿವೆ. ಮೂಲ ಸಂಗ್ರಹ ಕೆಟ್ಟುಹೋದರೆ ಬಳಕೆಗೆ ಬರಲೆಂದು ಅವುಗಳ ಪ್ರತಿಯೊಂದನ್ನು ತೆಗೆದಿಡುವ ಕ್ರಮಕ್ಕೆ ಬ್ಯಾಕಪ್ ಎಂದು ಹೆಸರು. ಆ ಪ್ರತಿಯಿಂದ ಮೂಲವನ್ನು ಮತ್ತೆ ಕಟ್ಟಿ ನಿಲ್ಲಿಸುವುದಕ್ಕೆ ರಿಸ್ಟೋರ್ ಅಥವಾ ಪುನಃಸ್ಥಾಪನೆ ಎನ್ನುತ್ತಾರೆ. ಬ್ಯಾಕಪ್ ತೆಗೆಯಬೇಕೆಂಬ ಎಚ್ಚರ ಈಗ ಎಲ್ಲೆಡೆಯೂ ಮೂಡಿದೆ. ಆದರೆ ಪುನಃಸ್ಥಾಪನೆಗೆ ಎಷ್ಟು ಕಾಲ ಹಿಡಿಯುತ್ತದೆ, ಅದು ನಿಧಾನವಾದರೆ ಕಾರಣವನ್ನು ಎಲ್ಲಿ ಹುಡುಕಬೇಕು ಎಂಬ ವಿಚಾರದತ್ತ ಗಮನ ಹರಿದಿರುವುದು ಕಡಮೆ. ಪ್ರಸ್ತುತ ಲೇಖನದಲ್ಲಿ ಈ ವಿಷಯವನ್ನು ವಿವೇಚಿಸಲಾಗಿದೆ.

2017ರ ಒಂದು ಪಾಠ

ಈ ವಿಷಯದ ಗಾಂಭೀರ್ಯವನ್ನು ಮನಗಾಣಿಸಲು ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ಅನುಭವಕ್ಕಿಂತ ಉತ್ತಮವಾದ ಉದಾಹರಣೆ ವಿರಳ. ತಂತ್ರಾಂಶ ರಚಿಸುವವರು ತಮ್ಮ ಬರಹಗಳನ್ನು ಇರಿಸಿ, ಹಲವರು ಕೂಡಿ ತಿದ್ದಿ ಬೆಳೆಸಲು ನೆರವಾಗುವ ಅಂತರಜಾಲ ಸೇವೆಯನ್ನು ಅದು ನಡೆಸುತ್ತದೆ. 2017ರ ಜನವರಿ 31ರಂದು ಅದರ ಡೇಟಾಬೇಸಿನ ಮೇಲೆ ಎಂದಿಗಿಂತ ಹೆಚ್ಚಿನ ಹೊರೆ ಬಿದ್ದಿತು. ಪ್ರಧಾನ ಯಂತ್ರದ ಬದಲಾವಣೆಗಳನ್ನು ಕ್ಷಣಕ್ಷಣಕ್ಕೂ ನಕಲು ಮಾಡಿಕೊಳ್ಳುತ್ತಿದ್ದ ಎರಡನೆಯ ಯಂತ್ರ ಹಿಂದೆ ಬಿದ್ದು, ಕೊನೆಗೆ ನಿಂತೇ ಹೋಯಿತು. ಅದನ್ನು ಸರಿಪಡಿಸಲು ರಾತ್ರಿ ಬಹಳ ಹೊತ್ತಿನವರೆಗೆ ದುಡಿಯುತ್ತಿದ್ದ ತಂತ್ರಜ್ಞರೊಬ್ಬರು ಎರಡನೆಯ ಯಂತ್ರದಲ್ಲಿದ್ದ ಹಳೆಯ ಕಡತಗಳನ್ನು ಅಳಿಸಬೇಕೆಂದು ಹೊರಟು, ಕಣ್ತಪ್ಪಿನಿಂದ ಪ್ರಧಾನ ಯಂತ್ರದಲ್ಲಿಯೇ ಅಳಿಸುವ ಆಜ್ಞೆಯನ್ನು ಕೊಟ್ಟರು. ತಪ್ಪು ಅರಿವಾಗಿ ಒಂದೆರಡು ಸೆಕೆಂಡುಗಳಲ್ಲಿ ತಡೆದರೂ ಅಷ್ಟರಲ್ಲಿ ಸುಮಾರು 300 ಗಿಗಾಬೈಟ್ ದಾಖಲೆ ಅಳಿದುಹೋಗಿತ್ತು. ಉಳಿದದ್ದು ಸುಮಾರು 4.5 ಗಿಗಾಬೈಟ್ ಮಾತ್ರ.

ಆಗ ಬ್ಯಾಕಪ್‌ಗಳತ್ತ ನೋಡಲಾಯಿತು. ನಿತ್ಯವೂ ತೆಗೆದು ದೂರದ ಸಂಗ್ರಹಾಗಾರಕ್ಕೆ ಕಳುಹಿಸಬೇಕಾಗಿದ್ದ ಪ್ರತಿಗಳ ಜಾಗ ಬರಿದಾಗಿತ್ತು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ 9.6ನೆಯ ಆವೃತ್ತಿ ಅಲ್ಲಿ ನಡೆಯುತ್ತಿದ್ದರೆ, ಪ್ರತಿ ತೆಗೆಯುವ ಉಪಕರಣ ಮಾತ್ರ 9.2ನೆಯ ಆವೃತ್ತಿಯದಾಗಿದ್ದುದರಿಂದ ಆ ಕೆಲಸ ಪ್ರತಿದಿನವೂ ವಿಫಲವಾಗುತ್ತಿತ್ತು. ವೈಫಲ್ಯವನ್ನು ತಿಳಿಸುವ ಇಮೇಲ್‌ಗಳು ಸಹಿ ಪರಿಶೀಲನೆಯ ನಿಯಮಕ್ಕೆ ಸಿಕ್ಕಿ ತಿರಸ್ಕೃತವಾಗುತ್ತಿದ್ದುದರಿಂದ ಯಾರಿಗೂ ಸುದ್ದಿ ಮುಟ್ಟಿರಲಿಲ್ಲ. ಅದೃಷ್ಟವಶಾತ್, ಸುಮಾರು ಆರು ಗಂಟೆಗಳ ಮುಂಚೆ ಬೇರೊಂದು ಪ್ರಯೋಗಕ್ಕಾಗಿ ತೆಗೆದಿದ್ದ ಪ್ರತಿಯೊಂದು ಪರೀಕ್ಷಾ ಯಂತ್ರದಲ್ಲಿ ಉಳಿದಿತ್ತು.

ಪ್ರತಿ ದೊರಕಿದ ಮಾತ್ರಕ್ಕೆ ಕಷ್ಟ ಮುಗಿಯಲಿಲ್ಲ. ಪರೀಕ್ಷಾ ಯಂತ್ರಕ್ಕೆ ವೆಚ್ಚದ ದೃಷ್ಟಿಯಿಂದ ಅಗ್ಗದ ಡಿಸ್ಕ್‌ಗಳನ್ನು ಬಾಡಿಗೆಗೆ ಪಡೆಯಲಾಗಿತ್ತು. ಅವುಗಳ ವೇಗವನ್ನು ಸೆಕೆಂಡಿಗೆ ಸುಮಾರು 60 ಮೆಗಾಬಿಟ್‌ಗೆ ಮಿತಗೊಳಿಸಲಾಗಿತ್ತು. ಆ ಯಂತ್ರದಿಂದ ಪ್ರಧಾನ ಯಂತ್ರಕ್ಕೆ ದಾಖಲೆಗಳನ್ನು ಸಾಗಿಸಲು ಸುಮಾರು 18 ಗಂಟೆಗಳು ಹಿಡಿದವು. ಜಾಲದ ದಾರಿ ಖಾಲಿಯಿತ್ತು, ಸಂಸ್ಕಾರಕ ಬಿಡುವಾಗಿತ್ತು. ತಡೆ ಇದ್ದುದು ಡಿಸ್ಕ್ ಒಂದರಲ್ಲೇ. ಫೆಬ್ರವರಿ 1ರ ಸಂಜೆಗೆ, ಜಾಗತಿಕ ಕಾಲಮಾನದಂತೆ ಸುಮಾರು ಆರು ಗಂಟೆಗೆ, ಸೇವೆ ಮತ್ತೆ ಆರಂಭವಾಯಿತು. ಪ್ರತಿ ತೆಗೆದ ಮೇಲಿನ ಆರು ಗಂಟೆಗಳ ಅವಧಿಯಲ್ಲಿ ಸೇರಿದ್ದ ಸುಮಾರು 5,000 ಯೋಜನೆಗಳ ವಿವರ, 5,000 ಟಿಪ್ಪಣಿಗಳು ಹಾಗೂ ಸುಮಾರು 700 ಹೊಸ ಬಳಕೆದಾರರ ಖಾತೆಗಳು ಶಾಶ್ವತವಾಗಿ ನಷ್ಟವಾದವು. ಪುನಃಸ್ಥಾಪನೆಯ ಕೆಲಸವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿ, ಅನಂತರ ತಪ್ಪುಗಳನ್ನೆಲ್ಲ ಬರೆದು ಪ್ರಕಟಿಸಿದ ಆ ಸಂಸ್ಥೆಯ ಪ್ರಾಮಾಣಿಕತೆ ಪ್ರಶಂಸನೀಯವಾದುದು. ಅಂದಿನ ಘಟನೆ ಇಂದಿಗೂ ಪಾಠವಾಗಿ ಉಳಿದಿರುವುದು ಆ ಪ್ರಾಮಾಣಿಕತೆಯಿಂದಲೇ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಗಮನಿಸಬಹುದು. ಎಂಟು ಬಿಟ್‌ಗಳಿಗೆ ಒಂದು ಬೈಟ್. ಆದುದರಿಂದ ಸೆಕೆಂಡಿಗೆ 60 ಮೆಗಾಬಿಟ್ ಎಂದರೆ 7.5 ಮೆಗಾಬೈಟ್. ಆ ವೇಗದಲ್ಲಿ 300 ಗಿಗಾಬೈಟ್ ಸಾಗಲು 40,000 ಸೆಕೆಂಡುಗಳು, ಅಂದರೆ ಹನ್ನೊಂದು ಗಂಟೆಗೂ ಹೆಚ್ಚು ಕಾಲ ಬೇಕು. ವಾಸ್ತವದಲ್ಲಿ ಅದಕ್ಕೂ ಮೀರಿ ಹಿಡಿಯಿತು. ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನು ಹಲಗೆಯ ಮೇಲೆ ಮಾಡಬಹುದಾದ ಈ ಭಾಗಾಕಾರವನ್ನು ವಿಪತ್ತಿಗೆ ಮುನ್ನವೇ ಮಾಡಿಟ್ಟುಕೊಂಡಿದ್ದರೆ ಅಗ್ಗದ ಡಿಸ್ಕಿನ ನಿಜವಾದ ಬೆಲೆ ಮೊದಲೇ ತಿಳಿಯುತ್ತಿತ್ತು.

ಬ್ಯಾಕಪ್‌ನ ಎರಡು ಬಗೆಗಳು

ವಿಳಂಬದ ಕಾರಣವನ್ನು ಅರಿಯುವ ಮೊದಲು ಬ್ಯಾಕಪ್‌ನ ಸ್ವರೂಪವನ್ನು ತಿಳಿಯುವುದು ಅವಶ್ಯ. ಸ್ಥೂಲವಾಗಿ ಅದರಲ್ಲಿ ಎರಡು ಬಗೆಗಳಿವೆ.

ಮೊದಲನೆಯದು ಭೌತಿಕ ಪ್ರತಿ. ಡಿಸ್ಕಿನ ಮೇಲೆ ಕಡತಗಳು ಹೇಗಿವೆಯೋ ಹಾಗೆಯೇ ಅವುಗಳನ್ನು ನಕಲು ಮಾಡಿಕೊಳ್ಳುವ ಕ್ರಮ ಇದು. ಇದರ ಪುನಃಸ್ಥಾಪನೆಯೆಂದರೆ ಮುಖ್ಯವಾಗಿ ಕಡತಗಳನ್ನು ಹಿಂದಕ್ಕೆ ಸಾಗಿಸಿ, ಅನಂತರದ ಬದಲಾವಣೆಗಳನ್ನು ಅವುಗಳಿಗೆ ಸೇರಿಸುವುದು.

ಎರಡನೆಯದು ತಾರ್ಕಿಕ ಪ್ರತಿ; ರೂಢಿಯಲ್ಲಿ ಇದನ್ನು ಡಂಪ್ ಎನ್ನುತ್ತಾರೆ. ಇದರಲ್ಲಿ ಕಡತಗಳಿರುವುದಿಲ್ಲ, ಡೇಟಾಬೇಸನ್ನು ಮೊದಲಿನಿಂದ ಕಟ್ಟುವ ಸೂಚನೆಗಳು ಇರುತ್ತವೆ. ಇಂತಹ ಕೋಷ್ಟಕವನ್ನು ರಚಿಸು, ಇಂತಿಂತಹ ಸಾಲುಗಳನ್ನು ಅದರಲ್ಲಿ ತುಂಬು, ಇಂತಹ ಇಂಡೆಕ್ಸ್ ಕಟ್ಟು, ಈ ಕೋಷ್ಟಕಕ್ಕೂ ಆ ಕೋಷ್ಟಕಕ್ಕೂ ಇರುವ ಸಂಬಂಧ ಸರಿಯಾಗಿದೆಯೇ ಎಂದು ಪರೀಕ್ಷಿಸು ಎಂಬಂತೆ ಅದು ಸಾಗುತ್ತದೆ. ಇಂಡೆಕ್ಸ್ ಎಂದರೆ ಗ್ರಂಥದ ಕೊನೆಯ ಪದಸೂಚಿಯಂತಹ ವ್ಯವಸ್ಥೆ. ಬೇಕಾದ ಸಾಲನ್ನು ಎಲ್ಲವನ್ನೂ ಓದದೆಯೇ ಹುಡುಕಿಕೊಡುತ್ತದೆ. ಡಂಪ್‌ನಲ್ಲಿ ಸೂಚಿ ಇರುವುದಿಲ್ಲ, ಸೂಚಿಯನ್ನು ರಚಿಸಬೇಕೆಂಬ ಆಜ್ಞೆ ಮಾತ್ರ ಇರುತ್ತದೆ. ಗ್ರಂಥದ ನಕಲು ಮುಗಿದ ಮೇಲೆ ಪದಸೂಚಿಯನ್ನು ಹೊಸದಾಗಿ ತಯಾರಿಸಬೇಕಾದ ಲಿಪಿಕಾರನ ಶ್ರಮವನ್ನು ಊಹಿಸಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ.

ಡಂಪ್ ತೆಗೆಯಲು ಒಂದು ಗಂಟೆ ಹಿಡಿದಿದ್ದರೆ ಮರಳಿ ಸ್ಥಾಪಿಸಲೂ ಒಂದೇ ಗಂಟೆ ಸಾಕೆಂದು ಭಾವಿಸುವುದು ಬಹಳ ಸಾಮಾನ್ಯವಾದ ತಪ್ಪು. ತೆಗೆಯುವಾಗ ನಡೆಯುವುದು ಕೇವಲ ಓದು. ಸ್ಥಾಪಿಸುವಾಗ ಬರವಣಿಗೆ, ವಿಂಗಡಣೆ, ಪರೀಕ್ಷೆ ಮೂರೂ ನಡೆಯಬೇಕು. ಆದುದರಿಂದ ಎರಡನೆಯ ಕೆಲಸಕ್ಕೆ ಹಲವು ಪಟ್ಟು ಹೆಚ್ಚು ಕಾಲ ಹಿಡಿದರೆ ಆಶ್ಚರ್ಯವಿಲ್ಲ.

ವಿಳಂಬ ಹುಟ್ಟುವ ಸ್ಥಳಗಳು

ಪುನಃಸ್ಥಾಪನೆ ಒಂದೇ ಕೆಲಸವೆಂದು ತೋರಿದರೂ ವಾಸ್ತವವಾಗಿ ಅದು ಸಾಲಾಗಿ ಜೋಡಿಸಿದ ಹಲವು ಕೆಲಸಗಳ ಸರಪಳಿ. ಸರಪಳಿಯ ಒಟ್ಟು ವೇಗವನ್ನು ನಿರ್ಧರಿಸುವುದು ಅದರ ಅತ್ಯಂತ ನಿಧಾನವಾದ ಕೊಂಡಿ. ಆ ಕೊಂಡಿ ಈ ಕೆಳಗಿನ ಸ್ಥಳಗಳಲ್ಲಿ ಯಾವುದಾದರೂ ಆಗಿರಬಹುದು.

1. ಓದು ಮತ್ತು ಸಾಗಣೆ. ಬ್ಯಾಕಪ್ ಇರುವ ಡಿಸ್ಕ್ ನಿಧಾನವಾಗಿರಬಹುದು. ನಡುವಿನ ಜಾಲ ಕಿರಿದಾಗಿರಬಹುದು. ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುವ ಜಾಲದಲ್ಲಿ ಒಂದು ಟೆರಾಬೈಟ್ ದಾಟಲು ಕನಿಷ್ಠ 8,000 ಸೆಕೆಂಡು, ಅಂದರೆ ಎರಡು ಗಂಟೆ ಹದಿಮೂರು ನಿಮಿಷ ಬೇಕು. ಜಾಲದ ಶಕ್ತಿ 100 ಮೆಗಾಬಿಟ್ ಮಾತ್ರ ಆಗಿದ್ದರೆ ಅದೇ ಕೆಲಸಕ್ಕೆ ಇಪ್ಪತ್ತೆರಡು ಗಂಟೆಗೂ ಮೀರಿ ಹಿಡಿಯುತ್ತದೆ. ಬಾಡಿಗೆಯ ಕ್ಲೌಡ್ ಡಿಸ್ಕ್‌ಗಳಲ್ಲಿ ಮತ್ತೊಂದು ಸೂಕ್ಷ್ಮವಿದೆ. ಅಮೆಜಾನ್ ಸಂಸ್ಥೆಯ ಇಬಿಎಸ್ ಡಿಸ್ಕನ್ನು ಸ್ನ್ಯಾಪ್‌ಶಾಟ್ ಎಂಬ ಪ್ರತಿಯಿಂದ ರಚಿಸಿದಾಗ ಅದು ಕ್ಷಣದಲ್ಲಿ ಸಿದ್ಧವಾದಂತೆ ಕಾಣುತ್ತದೆ. ಆದರೆ ಒಳಗಿನ ದಾಖಲೆಗಳು ಮೊದಲ ಬಾರಿ ಕೇಳಿದಾಗಲಷ್ಟೇ ದೂರದ ಸಂಗ್ರಹದಿಂದ ಒಂದೊಂದಾಗಿ ಬರುತ್ತವೆ. ಹೀಗಾಗಿ ಡೇಟಾಬೇಸ್ ಎದ್ದು ನಿಂತರೂ ಗಂಟೆಗಟ್ಟಲೆ ತೆವಳುತ್ತಿರುತ್ತದೆ. ಇದರ ನಿವಾರಣೆಗಾಗಿ ಪ್ರತ್ಯೇಕ ಶುಲ್ಕದ ಸೌಲಭ್ಯವೊಂದನ್ನು ಆ ಸಂಸ್ಥೆ 2019ರಲ್ಲಿ ಆರಂಭಿಸಿತು.

2. ಸಂಕುಚಿತ ಕಡತವನ್ನು ಬಿಡಿಸುವುದು. ಜಾಗ ಉಳಿಸಲು ಬ್ಯಾಕಪ್‌ಗಳನ್ನು ಅದುಮಿ ಇಡುವುದು ವಾಡಿಕೆ. ಇಡೀ ಪ್ರತಿಯನ್ನು ಒಂದೇ ಪ್ರವಾಹವಾಗಿ ಅದುಮಿದ್ದರೆ ಅದನ್ನು ಬಿಡಿಸುವ ಕೆಲಸ ಸಾಮಾನ್ಯವಾಗಿ ಸಂಸ್ಕಾರಕದ ಒಂದೇ ಭಾಗದ ಮೇಲೆ ಬೀಳುತ್ತದೆ. ಯಂತ್ರದಲ್ಲಿ ಹದಿನಾರು ಭಾಗಗಳಿದ್ದರೂ ಹದಿನೈದು ಸುಮ್ಮನೆ ಕುಳಿತಿರುತ್ತವೆ.

3. ಎರಡು ಬಾರಿ ಬರೆಯುವ ಹೊರೆ. ವ್ಯಾಪಾರಿಗಳ ಲೆಕ್ಕದಲ್ಲಿ ಪ್ರತಿ ವ್ಯವಹಾರವನ್ನೂ ಮೊದಲು ಕಿರ್ದಿಯಲ್ಲಿ ಬರೆದು ಅನಂತರ ಖಾತೆವಹಿಗೆ ಏರಿಸುವ ಪದ್ಧತಿಯಿದೆ. ಡೇಟಾಬೇಸುಗಳೂ ಹೀಗೆಯೇ ಮಾಡುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ಈ ಕಿರ್ದಿಯ ಹೆಸರು ವಾಲ್. ನಡುವೆ ವಿದ್ಯುತ್ ನಿಂತರೂ ಕಿರ್ದಿಯನ್ನು ನೋಡಿ ಖಾತೆಯನ್ನು ಸರಿಪಡಿಸಬಹುದು ಎಂಬುದೇ ಇದರ ಪ್ರಯೋಜನ. ಕಿರ್ದಿಯಲ್ಲಿರುವುದೆಲ್ಲ ಖಾತೆಗೆ ಏರಿತೆಂದು ಖಚಿತಪಡಿಸುವ ಘಟ್ಟಕ್ಕೆ ಚೆಕ್‌ಪಾಯಿಂಟ್ ಎಂದು ಹೆಸರು. ದಿನನಿತ್ಯದ ಕೆಲಸಕ್ಕೆ ತಕ್ಕಂತೆ ವಾಲ್‌ಗೆ ನಿಗದಿಯಾದ ಸಹಜ ಮಿತಿ ಒಂದು ಗಿಗಾಬೈಟ್. ನೂರಾರು ಗಿಗಾಬೈಟ್ ಒಮ್ಮೆಲೇ ಸುರಿಯುವ ಪುನಃಸ್ಥಾಪನೆಯ ಕಾಲದಲ್ಲಿ ಈ ಮಿತಿ ಕ್ಷಣಕ್ಷಣಕ್ಕೂ ತುಂಬಿ, ಚೆಕ್‌ಪಾಯಿಂಟ್ ಮತ್ತೆಮತ್ತೆ ನಡೆದು, ಡಿಸ್ಕ್ ಬಳಲುತ್ತದೆ.

4. ಇಂಡೆಕ್ಸ್ ನಿರ್ಮಾಣ. ಕೋಟಿಗಟ್ಟಲೆ ಸಾಲುಗಳನ್ನು ಅನುಕ್ರಮವಾಗಿ ವಿಂಗಡಿಸಿದ ಹೊರತು ಇಂಡೆಕ್ಸ್ ಕಟ್ಟಲಾಗದು. ವಿಂಗಡಣೆಗೆ ಬೇಕಾದ ಮೆಮರಿ ಸಾಲದಿದ್ದರೆ ಡಿಸ್ಕಿನ ಮೇಲೆ ತಾತ್ಕಾಲಿಕ ಕಡತಗಳನ್ನು ಹರಡಿಕೊಂಡು ಕೆಲಸ ಮಾಡಬೇಕಾಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆ ಸಹಜವಾಗಿ ದೊರೆಯುವ ಮೆಮರಿ 64 ಮೆಗಾಬೈಟ್ ಮಾತ್ರ. ದೊಡ್ಡ ಡೇಟಾಬೇಸುಗಳಲ್ಲಿ ಸಾಲುಗಳನ್ನು ತುಂಬುವುದಕ್ಕಿಂತ ಇಂಡೆಕ್ಸ್ ಕಟ್ಟುವುದಕ್ಕೇ ಹೆಚ್ಚು ಕಾಲ ಹಿಡಿಯುವ ಪ್ರಸಂಗಗಳು ಅನೇಕ.

5. ಕಿರ್ದಿಯ ಮರುಪಠಣ. ಭೌತಿಕ ಪ್ರತಿಯನ್ನು ಸ್ಥಾಪಿಸಿದ ಮೇಲೆ ಅಂದಿನಿಂದ ಇಂದಿನವರೆಗಿನ ಬದಲಾವಣೆಗಳನ್ನು ಕಿರ್ದಿಯಿಂದ ಓದಿ ಸೇರಿಸಬೇಕು. ವಾರಕ್ಕೊಮ್ಮೆ ಪೂರ್ಣ ಪ್ರತಿ ತೆಗೆಯುವಲ್ಲಿ ಆರನೆಯ ದಿನ ಅವಘಡವಾದರೆ ಆರು ದಿನಗಳ ಕಿರ್ದಿಯನ್ನು ಆಮೂಲಾಗ್ರವಾಗಿ ಓದಬೇಕಾಗುತ್ತದೆ. ಅನೇಕರು ಕೂಡಿ ಬರೆದ ಕಿರ್ದಿಯನ್ನು ಪೋಸ್ಟ್‌ಗ್ರೆಸ್‌ನಲ್ಲಿ ಒಂದೇ ಪ್ರಕ್ರಿಯೆ ಓದಿ ಸೇರಿಸುತ್ತದೆ. ಹಗೇವಿನ ಕೆಳಗೆ ಒಬ್ಬನೇ ಬುಟ್ಟಿ ತುಂಬುವ ದೃಶ್ಯ ಇಲ್ಲಿ ಮತ್ತೆ ನೆನಪಾಗುತ್ತದೆ.

6. ಜಾಗದ ಸಿದ್ಧತೆ. ಮೈಕ್ರೋಸಾಫ್ಟ್ ಸಂಸ್ಥೆಯ ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಕಡತ ರಚಿಸುವಾಗ ಅದರ ಜಾಗವನ್ನೆಲ್ಲ ಮೊದಲು ಸೊನ್ನೆಗಳಿಂದ ತುಂಬುವ ಕ್ರಮವಿದೆ. ದಾಖಲೆಯ ಕಡತಗಳಿಗೆ ಈ ಕೆಲಸವನ್ನು ಬಿಟ್ಟುಬಿಡುವ ಅನುಮತಿಯನ್ನು 2005ರ ಆವೃತ್ತಿಯಿಂದ ಕೊಡಬಹುದಾಗಿದೆ. ಅನುಮತಿ ಕೊಡದಿದ್ದರೆ ಪುನಃಸ್ಥಾಪನೆ ಶೇಕಡ ಸೊನ್ನೆಯಲ್ಲಿಯೇ ಬಹಳ ಹೊತ್ತು ನಿಂತಂತೆ ಕಾಣುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ಶೇಕಡ ನೂರು ಎಂದು ತೋರಿಸಿದ ಮೇಲೂ ಡೇಟಾಬೇಸ್ ತೆರೆಯದಿರುವುದುಂಟು. ಆಗ ಒಳಗೆ ಮುಗಿದ ವ್ಯವಹಾರಗಳನ್ನು ಸೇರಿಸುವ, ಅರ್ಧಕ್ಕೆ ನಿಂತವುಗಳನ್ನು ಕಳೆಯುವ ಕೆಲಸ ಸಾಗಿರುತ್ತದೆ. ಇದನ್ನರಿಯದೆ ಯಂತ್ರವನ್ನು ನಿಲ್ಲಿಸಿ ಪುನಃ ಆರಂಭಿಸಿದವರು ಮಾಡಿದ ಕೆಲಸವನ್ನೂ ಕಳೆದುಕೊಳ್ಳುತ್ತಾರೆ.

ಕಾರಣವನ್ನು ಕಂಡುಹಿಡಿಯುವ ಕ್ರಮ

ಜ್ವರ ಬಂದವನಿಗೆ ನಾಡಿ ನೋಡದೆ ಔಷಧ ಕೊಡುವ ವೈದ್ಯನಿಲ್ಲ. ಆದರೆ ಪುನಃಸ್ಥಾಪನೆ ನಿಧಾನವಾದಾಗ, ಮೇಲಧಿಕಾರಿಗಳ ದೂರವಾಣಿ ಕರೆಗಳ ನಡುವೆ, ಕೈಗೆ ಸಿಕ್ಕ ವ್ಯವಸ್ಥೆಯನ್ನೆಲ್ಲ ಬದಲಿಸಿ ನೋಡುವ ಆತುರ ಸಹಜವಾಗಿ ಹುಟ್ಟುತ್ತದೆ. ಇದು ಅನರ್ಥಕ್ಕೆ ದಾರಿ. ಡಿಸ್ಕ್ ನಿಧಾನವಾಗಿರುವಲ್ಲಿ ಸಂಸ್ಕಾರಕವನ್ನು ಹೆಚ್ಚಿಸುವುದು ಹಗೇವಿನ ಮೇಲೆ ಇನ್ನೂ ಹತ್ತು ಆಳುಗಳನ್ನು ನಿಲ್ಲಿಸಿದಂತೆ.

ಮೊದಲು ಕೇಳಬೇಕಾದ ಪ್ರಶ್ನೆ: ಈಗ ನಡೆಯುತ್ತಿರುವುದು ಯಾವ ಘಟ್ಟ? ಪೋಸ್ಟ್‌ಗ್ರೆಸ್‌ನಲ್ಲಿ ಇಂಡೆಕ್ಸ್ ನಿರ್ಮಾಣ ಎಷ್ಟು ಮುಂದುವರಿದಿದೆ ಎಂಬುದನ್ನು 2019ರ 12ನೆಯ ಆವೃತ್ತಿಯಿಂದಲೂ, ಸಾಲುಗಳ ಭರ್ತಿ ಎಷ್ಟಾಗಿದೆ ಎಂಬುದನ್ನು 2021ರ 14ನೆಯ ಆವೃತ್ತಿಯಿಂದಲೂ ಒಳಗಿನ ಕೋಷ್ಟಕಗಳಲ್ಲಿಯೇ ನೋಡಬಹುದಾಗಿದೆ. ಚೆಕ್‌ಪಾಯಿಂಟ್ ಅತಿಯಾಗಿ ನಡೆಯುತ್ತಿದ್ದರೆ ಪೋಸ್ಟ್‌ಗ್ರೆಸ್ ತನ್ನ ಲಾಗ್ ಕಡತದಲ್ಲಿ ತಾನೇ ಎಚ್ಚರಿಕೆ ಬರೆಯುತ್ತದೆ. ಅದನ್ನು ಓದುವವರಿರಬೇಕು ಅಷ್ಟೆ.

ಎರಡನೆಯ ಪ್ರಶ್ನೆ: ದಣಿದಿರುವುದು ಯಾವುದು, ಬಿಡುವಾಗಿರುವುದು ಯಾವುದು? ಸಂಸ್ಕಾರಕ, ಡಿಸ್ಕ್, ಜಾಲ ಈ ಮೂರರ ಹೊರೆಯನ್ನು ಅಳೆಯುವ ಉಪಕರಣಗಳು ಎಲ್ಲ ಯಂತ್ರಗಳಲ್ಲಿಯೂ ಇವೆ. ಫಲಿತಾಂಶವನ್ನು ಹೀಗೆ ಅರ್ಥೈಸಬಹುದು. ಸಂಸ್ಕಾರಕದ ಒಂದು ಭಾಗ ಪೂರ್ಣ ದುಡಿಯುತ್ತ ಉಳಿದವು ಬಿಡುವಾಗಿದ್ದರೆ ಕೆಲಸ ಹಂಚಿಕೆಯಾಗಿಲ್ಲ ಎಂದರ್ಥ. ಡಿಸ್ಕಿನ ಮುಂದೆ ಕೋರಿಕೆಗಳ ಸಾಲು ಬೆಳೆಯುತ್ತಿದ್ದರೆ ಡಿಸ್ಕೇ ಹಗೇವಿನ ಬಾಯಿ. ಜಾಲ ತನ್ನ ಮಿತಿಯನ್ನು ಮುಟ್ಟಿದ್ದರೆ ಬ್ಯಾಕಪ್ಪನ್ನು ಹತ್ತಿರಕ್ಕೆ ತರಬೇಕು. ಮೂರೂ ಬಿಡುವಾಗಿದ್ದು ಕೆಲಸ ಮಾತ್ರ ಸಾಗದಿದ್ದರೆ, ಬೇರೊಬ್ಬರು ಕೋಷ್ಟಕವನ್ನು ಬೀಗ ಹಾಕಿ ಹಿಡಿದಿರಬಹುದು, ಇಲ್ಲವೇ ಬಾಡಿಗೆಯ ಡಿಸ್ಕಿನ ಮಾಲೀಕರು ವೇಗಕ್ಕೆ ಕಡಿವಾಣ ಹಾಕಿರಬಹುದು.

ಮೂರನೆಯ ಪ್ರಶ್ನೆ: ಇದೇ ವೇಗದಲ್ಲಿ ಸಾಗಿದರೆ ಎಂದು ಮುಗಿಯುತ್ತದೆ? ಹತ್ತು ನಿಮಿಷಗಳಲ್ಲಿ ಎಷ್ಟು ಗಿಗಾಬೈಟ್ ಸಾಗಿತು ಎಂದು ಅಳೆದು ಭಾಗಿಸಿದರೆ ಉತ್ತರ ದೊರೆಯುತ್ತದೆ. ಆ ಉತ್ತರ ಸಹ್ಯವಾಗಿದ್ದರೆ ಕೈಕಟ್ಟಿ ಕಾಯುವುದೇ ವಿವೇಕ. ಅಸಹ್ಯವಾಗಿದ್ದರೆ ಮಾತ್ರ ನಿಲ್ಲಿಸಿ ಹೊಸ ಕ್ರಮದಲ್ಲಿ ಆರಂಭಿಸಬೇಕು. ಬದಲಾವಣೆಯನ್ನು ಒಂದೊಂದಾಗಿ ಮಾಡಿ, ಪ್ರತಿಯೊಂದರ ಪರಿಣಾಮವನ್ನೂ ಬರೆದಿಡಬೇಕು.

ಪರಿಹಾರಗಳು

ಕಾರಣ ತಿಳಿದ ಮೇಲೆ ಪರಿಹಾರ ಕಠಿಣವಲ್ಲ.

ಕೆಲಸವನ್ನು ಹಂಚುವುದು ಮೊದಲ ಉಪಾಯ. ಪೋಸ್ಟ್‌ಗ್ರೆಸ್‌ನ ಪಿಜಿ-ರಿಸ್ಟೋರ್ ಎಂಬ ಉಪಕರಣಕ್ಕೆ ಏಕಕಾಲದಲ್ಲಿ ಹಲವು ಕೆಲಸಗಾರರನ್ನು ನೇಮಿಸುವ ಶಕ್ತಿ 2009ರ 8.4ನೆಯ ಆವೃತ್ತಿಯಲ್ಲಿ ಬಂದಿತು. ಆದರೆ ಬಳಕೆದಾರನು ಕೇಳದಿದ್ದರೆ ಅದು ಒಬ್ಬನೇ ಕೆಲಸಗಾರನಿಂದ ನಡೆಸುತ್ತದೆ. ಮೇಲಾಗಿ, ಡಂಪ್ ಅನ್ನು ಸಾದಾ ಬರಹದ ರೂಪದಲ್ಲಿ ತೆಗೆದಿದ್ದರೆ ಈ ಸೌಲಭ್ಯ ಲಭ್ಯವಿಲ್ಲ. ಕಸ್ಟಮ್ ಅಥವಾ ಡೈರೆಕ್ಟರಿ ಎಂಬ ರೂಪಗಳಲ್ಲಿ ತೆಗೆದಿರಬೇಕು. ಪುನಃಸ್ಥಾಪನೆಯ ವೇಗ ಬಹುಮಟ್ಟಿಗೆ ಬ್ಯಾಕಪ್ ತೆಗೆಯುವ ದಿನವೇ ನಿರ್ಧಾರವಾಗಿರುತ್ತದೆ ಎಂಬುದನ್ನು ಇದು ತೋರಿಸುತ್ತದೆ. ಹಂಚಿಕೆಗೂ ಒಂದು ಮಿತಿಯಿದೆ. ಒಂದು ಕೋಷ್ಟಕದ ಸಾಲುಗಳನ್ನು ಒಬ್ಬ ಕೆಲಸಗಾರನೇ ತುಂಬುತ್ತಾನೆ. ಆದುದರಿಂದ ಡೇಟಾಬೇಸಿನ ಬಹುಪಾಲು ಒಂದೇ ಬೃಹತ್ ಕೋಷ್ಟಕದಲ್ಲಿದ್ದರೆ ಎಂಟು ಕೆಲಸಗಾರರಿದ್ದರೂ ಏಳು ಮಂದಿ ಬೇಗ ಮುಗಿಸಿ ಒಬ್ಬನಿಗಾಗಿ ಕಾಯುತ್ತಾರೆ.

ಎರಡನೆಯ ಉಪಾಯ, ಪುನಃಸ್ಥಾಪನೆಯ ಅವಧಿಗಷ್ಟೇ ಮಿತಿಗಳನ್ನು ಸಡಿಲಿಸುವುದು. ಇಂಡೆಕ್ಸ್ ನಿರ್ಮಾಣದ ಮೆಮರಿಯನ್ನು ಯಂತ್ರದ ಶಕ್ತಿಗೆ ತಕ್ಕಂತೆ ಒಂದೆರಡು ಗಿಗಾಬೈಟಿಗೆ ಏರಿಸಬಹುದು. ಆದರೆ ಕೆಲಸಗಾರರು ಹಲವರಿದ್ದಾಗ ಪ್ರತಿಯೊಬ್ಬರೂ ಅಷ್ಟು ಮೆಮರಿ ಪಡೆಯುತ್ತಾರೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವಾಲ್‌ನ ಮಿತಿಯನ್ನು ಹತ್ತಾರು ಗಿಗಾಬೈಟಿಗೆ ಹೆಚ್ಚಿಸಿದರೆ ಚೆಕ್‌ಪಾಯಿಂಟ್ ವಿರಳವಾಗುತ್ತದೆ.

ಮೈಎಸ್‌ಕ್ಯುಎಲ್ ಎಂಬ ಇನ್ನೊಂದು ಪ್ರಸಿದ್ಧ ತಂತ್ರಾಂಶದಲ್ಲಿಯೂ ಇದೇ ತತ್ತ್ವ ಅನ್ವಯಿಸುತ್ತದೆ. ಅದರ ಹಳೆಯ ಡಂಪ್ ಕಡತವನ್ನು ಒಂದೇ ಎಳೆಯಲ್ಲಿ ಓದಿಸಬೇಕಾಗುತ್ತದೆ, 2020ರ 8.0.21ನೆಯ ಆವೃತ್ತಿಯ ಕಾಲಕ್ಕೆ ಹಲವು ಎಳೆಗಳಲ್ಲಿ ತೆಗೆದು ಹಲವು ಎಳೆಗಳಲ್ಲಿ ತುಂಬುವ ಹೊಸ ಉಪಕರಣ ಬಂದಿತು. ಅದರ ಮುಖ್ಯ ಮೆಮರಿಯ ಸಹಜ ಗಾತ್ರ 128 ಮೆಗಾಬೈಟ್ ಮಾತ್ರ ಆಗಿರುವುದರಿಂದ ಅದನ್ನು ಹೆಚ್ಚಿಸದೆ ದೊಡ್ಡ ಡೇಟಾಬೇಸ್ ತುಂಬಹೊರಟವರು ತೊಂದರೆಗೆ ಒಳಗಾಗುತ್ತಾರೆ.

ಪುನಃಸ್ಥಾಪನೆ ಮುಗಿದ ಮೇಲೆ ಒಂದು ಕೆಲಸವನ್ನು ಮರೆಯಲಾಗದು. ಯಾವ ಕೋಷ್ಟಕದಲ್ಲಿ ಎಂತಹ ಮಾಹಿತಿ ಎಷ್ಟಿದೆ ಎಂಬ ಅಂಕಿ ಅಂಶಗಳನ್ನು ಆಧರಿಸಿ ಡೇಟಾಬೇಸ್ ತನ್ನ ಹುಡುಕಾಟದ ದಾರಿಯನ್ನು ಆರಿಸಿಕೊಳ್ಳುತ್ತದೆ. ಡಂಪ್‌ನಿಂದ ಕಟ್ಟಿದ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಅನಲೈಸ್ ಎಂಬ ಆಜ್ಞೆ ಕೊಟ್ಟು ಈ ಅಂಕಿ ಅಂಶಗಳನ್ನು ಸಿದ್ಧಪಡಿಸಬೇಕು. ಹಾಗೆ ಮಾಡದೆ ಬಾಗಿಲು ತೆರೆದರೆ ದಾಖಲೆಗಳೆಲ್ಲ ಸರಿಯಾಗಿದ್ದರೂ ಪ್ರತಿಯೊಂದು ಪ್ರಶ್ನೆಗೂ ಉತ್ತರ ತಡವಾಗಿ ಬಂದು, ಪುನಃಸ್ಥಾಪನೆಯೇ ಕೆಟ್ಟಿತೆಂಬ ಭ್ರಮೆ ಹುಟ್ಟುತ್ತದೆ.

ಅಡ್ಡದಾರಿಗಳ ಅಪಾಯ

ವೇಗದ ಆಸೆಯಿಂದ ಕೆಲವರು ಎಫ್‌ಸಿಂಕ್ ಎಂಬ ವ್ಯವಸ್ಥೆಯನ್ನು ನಿಲ್ಲಿಸುತ್ತಾರೆ. ಬರೆದದ್ದು ನಿಜವಾಗಿಯೂ ಡಿಸ್ಕನ್ನು ಸೇರಿತೇ ಎಂದು ಖಚಿತಪಡಿಸಿಕೊಳ್ಳುವುದು ಇದರ ಕೆಲಸ. ನಿಲ್ಲಿಸಿದರೆ ವೇಗ ಹೆಚ್ಚುವುದು ಸತ್ಯ. ಆದರೆ ಆ ಅವಧಿಯಲ್ಲಿ ವಿದ್ಯುತ್ ಹೋದರೆ ಡೇಟಾಬೇಸ್ ಸರಿಪಡಿಸಲಾಗದಷ್ಟು ಕೆಡಬಹುದು. ಬ್ಯಾಕಪ್ ಸುರಕ್ಷಿತವಾಗಿದ್ದು, ಕೆಟ್ಟರೆ ಮೊದಲಿನಿಂದ ಆರಂಭಿಸುವ ಸಿದ್ಧತೆಯಿದ್ದಲ್ಲಿ ಮಾತ್ರ ಈ ದಾರಿ ಹಿಡಿಯಬಹುದು. ಕೆಲಸ ಮುಗಿದೊಡನೆ ಅದನ್ನು ಮತ್ತೆ ಚಾಲನೆಗೊಳಿಸಲು ಮರೆತವರು ಒಂದು ವಿಪತ್ತಿನಿಂದ ಪಾರಾಗಿ ಇನ್ನೊಂದಕ್ಕೆ ಅಡಿಪಾಯ ಹಾಕಿದಂತಾಗುತ್ತದೆ.

ಇನ್ನೂ ಒಂದು ಎಚ್ಚರ ಅತ್ಯವಶ್ಯ. ಕೆಟ್ಟ ಡೇಟಾಬೇಸಿನ ಮೇಲೆಯೇ ಹೊಸದನ್ನು ಹೇರಬಾರದು; ಸಾಧ್ಯವಾದಷ್ಟೂ ಪಕ್ಕದಲ್ಲಿ ಬೇರೆ ಜಾಗದಲ್ಲಿ ಕಟ್ಟಬೇಕು. ಆತುರದಲ್ಲಿ ಯಾವ ಯಂತ್ರದ ಮುಂದೆ ಕುಳಿತಿದ್ದೇವೆ ಎಂಬುದನ್ನು ಇಬ್ಬರು ಓದಿ ದೃಢಪಡಿಸಿದ ಹೊರತು ಅಳಿಸುವ ಆಜ್ಞೆಯನ್ನು ಕೊಡಬಾರದು. 2017ರ ಘಟನೆ ಆರಂಭವಾದದ್ದು ಇಂತಹ ಒಂದು ಕ್ಷಣದ ಮರೆವಿನಿಂದಲೇ ಎಂಬುದನ್ನು ನೆನಪಿಡಬೇಕು.

ತಾಲೀಮಿನ ಮಹತ್ವ

ಮೇಲಿನ ವಿವರಗಳನ್ನೆಲ್ಲ ತಿಳಿದ ಮೇಲೂ ಒಂದು ಮಾತು ಉಳಿಯುತ್ತದೆ. ವಿಪತ್ತಿನ ದಿನ ಕಲಿಯಲು ಹೊರಡುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಆದುದರಿಂದ ಶಾಂತಿಯ ದಿನಗಳಲ್ಲಿಯೇ ಬೇರೊಂದು ಯಂತ್ರದ ಮೇಲೆ ಬ್ಯಾಕಪ್ಪನ್ನು ಪೂರ್ಣವಾಗಿ ಸ್ಥಾಪಿಸಿ ನೋಡಬೇಕು. ಇದರಿಂದ ಮೂರು ಪ್ರಯೋಜನಗಳಿವೆ. ಪ್ರತಿ ನಿಜವಾಗಿಯೂ ಇದೆಯೇ, ಓದಲು ಬರುತ್ತದೆಯೇ ಎಂಬುದು ತಿಳಿಯುತ್ತದೆ. ಎಷ್ಟು ಕಾಲ ಹಿಡಿಯುತ್ತದೆ ಎಂಬುದು ಊಹೆಯಾಗಿ ಉಳಿಯದೆ ಅಳತೆಯಾಗುತ್ತದೆ. ಯಾವ ಕೊಂಡಿ ನಿಧಾನವೆಂಬುದು ಮೊದಲೇ ಗೊತ್ತಾಗಿ ತಿದ್ದಲು ಸಮಯ ದೊರೆಯುತ್ತದೆ.

ಪ್ರತಿಯೊಂದು ಸಂಸ್ಥೆಯೂ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರವನ್ನು ಇಟ್ಟುಕೊಳ್ಳುವುದು ಉಚಿತ. ಎಷ್ಟು ಹೊತ್ತಿನ ದಾಖಲೆ ಹೋದರೆ ತಾಳಿಕೊಳ್ಳಬಹುದು? ಎಷ್ಟು ಹೊತ್ತು ಕೆಲಸ ನಿಂತರೆ ತಾಳಿಕೊಳ್ಳಬಹುದು? ಇವಕ್ಕೆ ಉತ್ತರ ಕೊಡಬೇಕಾದವರು ತಂತ್ರಜ್ಞರು ಮಾತ್ರವಲ್ಲ. ಸಂಸ್ಥೆಯನ್ನು ನಡೆಸುವವರೂ ಹೌದು. ಸಂಜೆಯೊಳಗೆ ಬೇಕು ಎಂದು ಆಡಳಿತ ಮಂಡಳಿ ಹೇಳಿ, ಮೂರು ದಿನ ಹಿಡಿಯುವ ಡಿಸ್ಕಿಗೆ ಮಾತ್ರ ಹಣ ಮಂಜೂರು ಮಾಡಿದರೆ ತಪ್ಪು ತಂತ್ರಜ್ಞರದಾಗದು. ದಾನಿಗಳು ಹೊಸ ಯಂತ್ರ ಕೊಡಿಸುವಾಗ ಅದರ ಪ್ರತಿಯನ್ನು ಇಡುವುದಕ್ಕೂ, ಆ ಪ್ರತಿಯನ್ನು ಪರೀಕ್ಷಿಸುವುದಕ್ಕೂ ಒಂದು ಪಾಲನ್ನು ಮೀಸಲಿಡುವುದು ದೂರದೃಷ್ಟಿಯ ಲಕ್ಷಣ.

ಶಾಲೆಯೊಂದರ ಮಟ್ಟಿಗೆ ಈ ತಾಲೀಮು ದೊಡ್ಡ ಹೊರೆಯಲ್ಲ. ಶಾಲೆಯ ದಾಖಲೆಗಳ ಗಾತ್ರ ಸಾಮಾನ್ಯವಾಗಿ ಕೆಲವೇ ಗಿಗಾಬೈಟ್‌ಗಳನ್ನು ಮೀರುವುದಿಲ್ಲ. ಅರ್ಧವಾರ್ಷಿಕ ರಜೆಯಲ್ಲೊಮ್ಮೆ, ಬೇಸಿಗೆ ರಜೆಯಲ್ಲೊಮ್ಮೆ ಪುನಃಸ್ಥಾಪನೆ ನಡೆಸಿ, ದಿನಾಂಕ, ಗಾತ್ರ, ಹಿಡಿದ ಕಾಲ, ಕಂಡ ದೋಷ ಇವುಗಳನ್ನು ಒಂದು ರಿಜಿಸ್ಟರಿನಲ್ಲಿ ಬರೆದು ಮುಖ್ಯೋಪಾಧ್ಯಾಯರ ಸಹಿ ಪಡೆದರೆ ಸಾಕು. ಹಿಡಿದ ಕಾಲ ಸರದಿಯಿಂದ ಸರದಿಗೆ ಬೆಳೆಯುತ್ತಿದ್ದರೆ ಮುಂಬರುವ ತೊಂದರೆಯ ಮುನ್ಸೂಚನೆ ಆ ರಿಜಿಸ್ಟರಿನಲ್ಲಿಯೇ ಸಿಗುತ್ತದೆ.

ಉಪಸಂಹಾರ

ದಾಖಲೆ ಎಂದರೆ ಕೇವಲ ಅಂಕೆ ಅಕ್ಷರಗಳ ರಾಶಿಯಲ್ಲ. ಇಪ್ಪತ್ತು ವರ್ಷಗಳ ಹಿಂದೆ ಶಾಲೆ ಬಿಟ್ಟ ವಿದ್ಯಾರ್ಥಿಯೊಬ್ಬನು ಉದ್ಯೋಗಕ್ಕಾಗಿ ಜನ್ಮದಿನಾಂಕದ ಪ್ರಮಾಣಪತ್ರ ಕೇಳಿಕೊಂಡು ಬಂದಾಗ ಅವನ ಪಾಲಿಗೆ ಆ ಒಂದು ಸಾಲು ಜೀವನದ ಪ್ರಶ್ನೆ. ಅರ್ಜಿಯ ಕೊನೆಯ ದಿನ ನಾಳೆಯೇ ಆಗಿದ್ದರೆ, ದಾಖಲೆ ಇದೆ, ನಾಲ್ಕು ದಿನ ಬಿಟ್ಟು ಬಾ ಎಂಬ ಉತ್ತರವೂ ಇಲ್ಲವೆಂಬ ಉತ್ತರವೂ ಅವನಿಗೆ ಒಂದೇ.

ಹಿಂದಿನವರು ಹಗೇವನ್ನು ತುಂಬಿ ಮಣ್ಣು ಮುಚ್ಚಿ ಮರೆತುಬಿಡಲಿಲ್ಲ. ಬಾಯಿ ಎಲ್ಲಿದೆ, ಎಷ್ಟು ಆಳವಿದೆ, ಇಳಿಯುವವನು ಯಾರು, ಹಗ್ಗ ಗಟ್ಟಿಯಿದೆಯೇ ಎಂಬುದನ್ನು ಅರಿತಿದ್ದರು. ಕಾಳು ಕೂಡಿಟ್ಟವನಿಗಿಂತ ಹಸಿವಿನ ಹೊತ್ತಿಗೆ ಕಾಳು ತೆಗೆದುಕೊಟ್ಟವನೇ ಮನೆಯನ್ನು ಉಳಿಸಿದವನು. ಡೇಟಾಬೇಸಿನ ವಿಷಯದಲ್ಲಿಯೂ ಈ ಮಾತು ಅಕ್ಷರಶಃ ಸತ್ಯ. ಬ್ಯಾಕಪ್ ತೆಗೆದ ದಿನ ಕೆಲಸದ ಅರ್ಧ ಮುಗಿದಂತೆ. ಅದು ಎಷ್ಟು ಹೊತ್ತಿನಲ್ಲಿ ಮರಳಿ ಬರುತ್ತದೆಂದು ಅಳೆದು ತಿಳಿದ ದಿನವೇ ಉಳಿದರ್ಧ ಪೂರ್ಣವಾಗುತ್ತದೆ.